ಇದು ಅಲರ್ಜಿಯಾ, ಅಥವಾ ಹೊಟ್ಟೆಗೆ ಒಗ್ಗದಿರುವುದಾ?

ಬೆಳದಿಂಗಳು ಕೇಳಿದ್ದು:

ನಾಲ್ಕು ತಿಂಗಳಿಂದ ಊಟ ಆದಮೇಲೆ ಹೊಟ್ಟೆ ಉಬ್ಬರಿಸುತ್ತದೆ. ಕೆಲವು ದಿನ ತಲೆನೋವು, ಕೆಲವು ದಿನ ಸುಸ್ತು. ಶುರುವಿನಲ್ಲಿ ಎರಡು ಸಲ ಕುತ್ತಿಗೆಯ ಮೇಲೆ ಕೆರೆತ ಬಂದು ಕೆಂಪು ದದ್ದು ಎದ್ದಿತ್ತು, ಒಂದು ಗಂಟೆಯಲ್ಲಿ ಹೋಯಿತು. ಯಾವುದೂ ದೊಡ್ಡದಲ್ಲ, ಆದರೆ ಪೂರ್ತಿ ಬಿಟ್ಟು ಹೋಗುವುದೂ ಇಲ್ಲ.

ಅನುಮಾನ ಬಂದಿದ್ದನ್ನೆಲ್ಲ ಒಂದೊಂದಾಗಿ ಬಿಡುತ್ತಾ ಬಂದೆ. ಮೊದಲು ಹಾಲು, ಆಮೇಲೆ ಗೋಧಿ, ಮೊಟ್ಟೆ, ಈಗ ಕಡಲೆಕಾಯಿ. 5 ಕೆಜಿ ಇಳಿದಿದ್ದೇನೆ. ಮೊನ್ನೆ ರಕ್ತ ಕೊಟ್ಟು ಒಂದು ಟೆಸ್ಟ್ ಮಾಡಿಸಿದೆ. 31 ಆಹಾರಗಳ ಮುಂದೆ ಕೆಂಪು ಗುರುತು ಬಂದಿದೆ. ಆ ಪಟ್ಟಿ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಇನ್ನು ಏನು ತಿನ್ನಲಿ?

ಮಳೆಹನಿ:

ಆ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದರಲ್ಲಿ ಐಜಿಜಿ ಅಂತ ಬರೆದಿದೆಯಾ ನೋಡಿ. ಅದು ಮೈ ತನ್ನ ರಕ್ಷಣೆಗೆ ರಕ್ತದಲ್ಲಿ ಮಾಡಿಕೊಳ್ಳುವ ಒಂದು ಬಗೆಯ ಪ್ರತಿಕಾಯ. ಐಜಿಜಿ ಇದ್ದರೆ ನೀವು ಆ ಪದಾರ್ಥ ತಿಂದಿದ್ದೀರಿ, ಮೈಗೆ ಅದರ ಪರಿಚಯ ಇದೆ ಅಂತಷ್ಟೇ ಅರ್ಥ. ಜಾಸ್ತಿ ತಿನ್ನುವುದೇ ಜಾಸ್ತಿ ಕೆಂಪಾಗಿ ಕಾಣಬಹುದು. ಅಲರ್ಜಿ ಡಾಕ್ಟರುಗಳ ಸಂಘಗಳು ಈ ಟೆಸ್ಟ್ ನಂಬಿ ಊಟ ಬಿಡಬೇಡಿ ಅಂತಲೇ ಹೇಳುತ್ತವೆ.

ನಮ್ಮ ಮನೆಯಲ್ಲಿ ಎರಡೂ ಇವೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮಗನಿಗೆ ಕಡಲೆಕಾಯಿ ಅಲರ್ಜಿ. ಎರಡೂವರೆ ವರ್ಷದವನಿದ್ದಾಗ ಅರ್ಧ ಚಮಚ ಕಡಲೆಕಾಯಿ ಬೆಣ್ಣೆ ತಿಂದ. ನಾನು ಬಾಯಿ ಒರೆಸುವಷ್ಟರಲ್ಲಿ ಮೇಲ್ತುಟಿ ದಪ್ಪ ಆಗಿತ್ತು. ಕಿವಿಯ ಹಿಂದೆ ದದ್ದು ಎದ್ದು ಬೆನ್ನಿಗೆ ಇಳಿಯಿತು, ಹತ್ತು ನಿಮಿಷದಲ್ಲಿ ವಾಂತಿ. ನನ್ನದು ಬೇರೆ ಕಥೆ. ದೊಡ್ಡ ಲೋಟ ಹಾಲು ಕುಡಿದರೆ ಎರಡು ಗಂಟೆ ಬಿಟ್ಟು ಹೊಟ್ಟೆ ಗುಡುಗುಡು ಅನ್ನುತ್ತದೆ, ಆಮೇಲೆ ಓಡಬೇಕು. ಎರಡು ಗುಟುಕು ಹಾಲಿಗೆ ಏನೂ ಆಗಲ್ಲ. ಮೊಸರು ತಿಂದರೂ ಏನೂ ಆಗಲ್ಲ.

ನನ್ನ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಕಡಿಮೆ. ಹಾಲಿನ ಸಕ್ಕರೆ ಕರಗದೆ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಮೊಸರಿನ ಬ್ಯಾಕ್ಟೀರಿಯಾ ಆ ಕೆಲಸವನ್ನು ಮೊದಲೇ ಸ್ವಲ್ಪ ಮಾಡಿಟ್ಟಿರುತ್ತದೆ. ಕಷ್ಟ ಇದೆ, ಅಪಾಯ ಇಲ್ಲ. ಮಗನ ಮೈಯಾದರೋ ಕಡಲೆಕಾಯಿಯ ಪ್ರೋಟೀನನ್ನು ಶತ್ರು ಅಂದುಕೊಂಡಿದೆ. ಅಲ್ಲಿ ಕೆಲಸ ಮಾಡುವುದು ಐಜಿಇ ಅನ್ನುವ ಬೇರೆ ಪ್ರತಿಕಾಯ. ಒಂದು ಚೂರು ಸಾಕು, ಚರ್ಮ, ಉಸಿರು, ಹೊಟ್ಟೆ ಎಲ್ಲ ಒಟ್ಟಿಗೇ ಕೆಡಬಹುದು. ಅದಕ್ಕೇ ಅವನ ಬ್ಯಾಗಿನಲ್ಲಿ ಅಡ್ರಿನಲಿನ್ ಪೆನ್, ಅಂದರೆ ತುರ್ತಿಗೆ ಚುಚ್ಚುವ ಇಂಜೆಕ್ಷನ್, ಯಾವಾಗಲೂ ಇರುತ್ತದೆ.

ನಮ್ಮ ಡಾಕ್ಟರ್ ಟೆಸ್ಟಿಗೆ ಮುಂಚೆ ಇಪ್ಪತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ತಿಂದು ಎಷ್ಟು ಹೊತ್ತಿಗೆ? ಎಷ್ಟು ತಿಂದಾಗ? ಪ್ರತಿ ಸಲವೂ ಆಗುತ್ತಾ? ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ತೋರಿಸಿಕೊಳ್ಳುತ್ತದೆ. ಆಮೇಲೆ ಮಗನ ಮುಂಗೈ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಹನಿ ಇಟ್ಟು, ಚುಚ್ಚಿ, ಹದಿನೈದು ನಿಮಿಷ ಕಾದರು. ಕಡಲೆಕಾಯಿಯ ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು. ಮೊಟ್ಟೆಯ ಕಡೆಯೂ ಸ್ವಲ್ಪ ಉಬ್ಬಿತು. ಆದರೆ ಅವನು ವಾರಕ್ಕೆ ನಾಲ್ಕು ಮೊಟ್ಟೆ ತಿಂದು ಆರಾಮಾಗಿದ್ದ. 'ಹಾಗಾದರೆ ಮೊಟ್ಟೆ ಕೊಡುತ್ತಲೇ ಇರಿ' ಅಂದರು. ಟೆಸ್ಟ್ ಒಂದನ್ನೇ ನೋಡಿ ಅಲರ್ಜಿ ಅನ್ನುವ ಹಾಗಿಲ್ಲ ಅಂತ ನನಗೆ ಅರ್ಥ ಆಗಿದ್ದು ಅವತ್ತು.

ನೀವು ಒಂದು ನೋಟ್‌ಬುಕ್ ಇಡಿ. ತಿಂದ ಗಂಟೆ, ಎಷ್ಟು, ಏನಾಯಿತು, ಯಾವಾಗ ಆಯಿತು. ಜೊತೆಗೆ ಮಾತ್ರೆ, ನಿದ್ದೆ, ಓಡಾಟ ಎಲ್ಲ ಬರೆಯಿರಿ.

ಹಳೇಕೊಡೆ:

ಗೋಧಿ ಬಿಟ್ಟಿದ್ದೀರಿ ಅಂದದ್ದಕ್ಕೆ ಬರೆಯುತ್ತಿದ್ದೇನೆ. ಸೀಲಿಯಾಕ್ ಅಂತ ಒಂದಿದೆ. ಅದು ಅಲರ್ಜಿಯೂ ಅಲ್ಲ, ಬರೀ ಒಗ್ಗದಿರುವುದೂ ಅಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನಿನಿಂದಾಗಿ ಮೈ ತನ್ನ ಕರುಳನ್ನೇ ಹಾಳು ಮಾಡಿಕೊಳ್ಳುತ್ತದೆ. ಉಬ್ಬರ, ಸುಸ್ತು, ತೂಕ ಇಳಿಯುವುದು ಎಲ್ಲ ಅದರಲ್ಲೂ ಇರುತ್ತದೆ. ಅದರ ರಕ್ತಪರೀಕ್ಷೆ ಸರಿಯಾಗಿ ತೋರಿಸಬೇಕಾದರೆ ಗೋಧಿ ತಿನ್ನುತ್ತಾ ಇರಬೇಕು. ನಾನು ಮೊದಲೇ ಬಿಟ್ಟು ಹೋಗಿದ್ದೆ. ಮತ್ತೆ ಆರು ವಾರ ತಿಂದು ಪರೀಕ್ಷೆ ಮಾಡಿಸಬೇಕಾಯಿತು. ಆ ಆರು ವಾರ ಯಾರಿಗೂ ಬೇಡ.

ತಿಳಿನೀರು:

ಬ್ರೆಡ್ ತಿಂದರೆ ಉಬ್ಬರ ಅಂತ ನಾನು ಒಂದು ವರ್ಷ ಗೋಧಿಯನ್ನು ಬೈದೆ. ಕೊನೆಗೆ ಸಿಕ್ಕಿಬಿದ್ದದ್ದು ಈರುಳ್ಳಿ, ಬೆಳ್ಳುಳ್ಳಿ. ಇವುಗಳಲ್ಲೂ ಗೋಧಿಯಲ್ಲೂ ಫ್ರಕ್ಟಾನ್ ಅನ್ನುವ, ಸುಲಭಕ್ಕೆ ಜೀರ್ಣವಾಗದ ಒಂದು ಬಗೆಯ ಕಾರ್ಬೋಹೈಡ್ರೇಟ್ ಇರುತ್ತದೆ. ಮೂರೂ ಒಂದೇ ಊಟದಲ್ಲಿ ಸೇರಿದರೆ ನನಗೆ ತಡೆಯಲ್ಲ, ಒಂದೊಂದೇ ಆದರೆ ಪರವಾಗಿಲ್ಲ. ಒಂದು ಸಲಕ್ಕೆ ಒಂದನ್ನೇ ಎರಡು ಮೂರು ವಾರ ಬಿಟ್ಟು, ಮತ್ತೆ ತಿಂದು ನೋಡಿ. ಆದರೆ ದದ್ದು ಬಂದಿದ್ದ ಪದಾರ್ಥವನ್ನು ಮಾತ್ರ ಮನೆಯಲ್ಲಿ ಪರೀಕ್ಷೆ ಮಾಡಬೇಡಿ.

ಬೆಳದಿಂಗಳು:

ರಿಪೋರ್ಟ್ ನೋಡಿದೆ, ಐಜಿಜಿಯೇ. ಮೊಟ್ಟೆ ಮತ್ತೆ ಶುರು ಮಾಡಿದೆ, ಏನೂ ಆಗಿಲ್ಲ. ಉಬ್ಬರ ಇನ್ನೂ ಇದೆ, ಅದು ಬೇರೆ ಏನೋ ಇರಬೇಕು.

ನೋಟ್‌ಬುಕ್ ಬರೆಯುವಾಗ ಹಳೆಯದನ್ನೂ ನೆನಪು ಮಾಡಿಕೊಂಡೆ. ದದ್ದು ಬಂದ ಎರಡೂ ಸಂಜೆ ಬ್ರೆಡ್ ತಿಂದು ಒಂದು ಗಂಟೆಗೆ ಓಡಲು ಹೋಗಿದ್ದೆ. ಎರಡೂ ಸಲ ತಲೆನೋವಿಗೆ ಐಬುಪ್ರೊಫೆನ್ ಮಾತ್ರೆ ನುಂಗಿದ್ದೆ. ಬ್ರೆಡ್ ತಿಂದು ಮನೆಯಲ್ಲಿ ಸುಮ್ನೆ ಕೂತ ದಿನ ಏನೂ ಆಗಿರಲಿಲ್ಲ. ಗೋಧಿ ಬಿಟ್ಟಮೇಲೆ ದದ್ದು ಬಂದೇ ಇಲ್ಲ. ಇದಕ್ಕೆ ಅರ್ಥ ಇದೆಯಾ?

ಮಳೆಹನಿ:

ಇದೆ, ಇದನ್ನು ಬಿಡಬೇಡಿ. ಗೋಧಿ ತಿಂದು ವ್ಯಾಯಾಮ ಮಾಡಿದಾಗ ಮಾತ್ರ ಬರುವ ಅಲರ್ಜಿ ಅಂತ ನಿಜಕ್ಕೂ ಒಂದಿದೆ. ಅಂಥ ನೋವಿನ ಮಾತ್ರೆ ಅದನ್ನು ಕೆರಳಿಸಬಹುದು. ಸುಮ್ನೆ ಕೂತರೆ ಏನೂ ಆಗದಿರುವುದರಿಂದಲೇ ಅದು ಸುಲಭಕ್ಕೆ ಕೈಗೆ ಸಿಗಲ್ಲ. ನಿಮ್ಮದು ಅದೇ ಅಂತ ನಾನು ಹೇಳಲಾರೆ, ಅದನ್ನು ಅಲರ್ಜಿ ಡಾಕ್ಟರೇ ನೋಡಬೇಕು. ಈ ವಾರವೇ ಹೋಗಿ, ನೋಟ್‌ಬುಕ್ ತೆಗೆದುಕೊಂಡು ಹೋಗಿ. ಹಳೇಕೊಡೆ ಹೇಳಿದ ಸೀಲಿಯಾಕ್ ಪರೀಕ್ಷೆ ಬಗ್ಗೆಯೂ ಅವರನ್ನೇ ಕೇಳಿ. ಅವರು ಹೇಳುವ ತನಕ ಗೋಧಿ ಮತ್ತೆ ಶುರು ಮಾಡಬೇಡಿ. ಅಕಸ್ಮಾತ್ ತಿಂದರೆ ಅವತ್ತು ಓಡಬೇಡಿ, ಆ ಮಾತ್ರೆಯೂ ಬೇಡ. ತುಟಿ ಊದಿಕೊಂಡರೆ, ಉಸಿರು ಬಿಗಿದರೆ, ತಲೆ ಸುತ್ತಿದರೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ.

ಬೆಳದಿಂಗಳು:

ಗುರುವಾರ ಬೆಳಿಗ್ಗೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಓಡುವ ಶೂ ಎತ್ತಿಟ್ಟಿದ್ದೇನೆ.