ಸಪ್ಲೈ ಶಿಪ್ ಹೊರಗೆ ಕಟ್ಟಿಸೋದಾ, ಇಲ್ಲೇ ಕಟ್ಟೋದಾ?

ಹಾಯಿಪಟ:
ನೇವಿ ಅಂದ್ರೆ ಎಲ್ರೂ ಮಿಸೈಲು, ಕ್ಯಾರಿಯರ್ ಅಂತಾರೆ, ನಡುನೀರಲ್ಲಿ ಅವಕ್ಕೆ ಎಣ್ಣೆ, ಮದ್ದುಗುಂಡು, ರೇಷನ್ ಕೊಡೋ ಹಡಗಿನ ಸುದ್ದೀನೇ ಎತ್ತಲ್ಲ. ನಮ್ಮ ನೇವಿಗೆ ಇಂಥವೇ ಐದು ಹಡಗು, ಅಂದ್ರೆ ಫ್ಲೀಟ್ ಸಪೋರ್ಟ್ ಶಿಪ್, ಕಟ್ಟಿಕೊಡೋಕೆ 2023ರ ಆಗಸ್ಟಲ್ಲಿ ವಿಶಾಖಪಟ್ಟಣದ ಹಿಂದೂಸ್ಥಾನ್ ಶಿಪ್‌ಯಾರ್ಡ್ ಜೊತೆ ಒಪ್ಪಂದ ಆಯ್ತು. ಹತ್ರತ್ರ 19,000 ಕೋಟಿ, ಒಂದೊಂದೂ 44,000 ಟನ್, ಮೊದಲನೇದನ್ನ 2027ರ ಮಧ್ಯಕ್ಕೆ ಕೊಡ್ಬೇಕು ಅಂತ ಮಾತು. ಇದನ್ನೇ ಕೊರಿಯಾದಲ್ಲಿ ಕಟ್ಟಿಸಿ ಇಲ್ಲಿನ ಜಾಗ, ಜನಾನ ಯುದ್ಧನೌಕೆಗೆ ಉಳಿಸ್ಕೋಬಾರ್ದಾ? ಬ್ರಿಟನ್ 2012ರಲ್ಲಿ ತನ್ನ ನೇವಿಯ ನಾಲ್ಕು ಟೈಡ್ ಟ್ಯಾಂಕರ್ ಕೊರಿಯಾದ ಡೇವೂಗೇ ಕೊಡ್ತಲ್ಲ, 45.2 ಕೋಟಿ ಪೌಂಡಿಗೆ.

ಇಂಜಿನ್‌ರೂಮ್:
ಗುರು, ಅರ್ಧ ಕಥೆ ಹೇಳಿದ್ರಿ. ಬ್ರಿಟನ್ನಿನ ಯಾರ್ಡ್‌ನವ್ರು ಯಾರೂ ಕೊನೇ ಬಿಡ್ ಹಾಕ್ಲೇ ಇಲ್ಲ, ಅದಕ್ಕೇ ಕೊರಿಯಾಗೆ ಹೋಗಿದ್ದು. ಆ ಹಡಗುಗಳೂ ಹೇಳಿದ ಟೈಮಿಗೆ ಬರ್ಲಿಲ್ಲ, ಅದರಲ್ಲಿ ಮೊದಲನೇದು ಟೈಡ್‌ಸ್ಪ್ರಿಂಗ್ ಸೇವೆಗೆ ಸೇರಿದ್ದು 2017ರ ಕೊನೇಲಿ.

ಹಾಯಿಪಟ:
ಒಂದು ವರ್ಷ ಲೇಟಾದ್ರೆ ಲೇಟು ಅಂತೀರಾ? ಐಎನ್‌ಎಸ್ ಆದಿತ್ಯ ನೋಡಿ, ನಮ್ಮ ನೇವಿಯ ಇಂಥದ್ದೇ ಸಪ್ಲೈ ಹಡಗು, ಕೋಲ್ಕತ್ತಾದ ಜಿಆರ್‌ಎಸ್‌ಇಲಿ 1986ರಲ್ಲಿ ಕೀಲ್ ಹಾಕಿ ಕಟ್ಟೋಕೆ ಶುರು ಮಾಡಿದ್ರು, ನೇವಿಗೆ ಸೇರಿದ್ದು 2000ದಲ್ಲಿ. ಅದೇ, ಇಂಥದ್ದೇ ಇನ್ನೊಂದು ಹಡಗು ದೀಪಕ್‌ಗೆ ಇಟಲಿಯ ಫಿಂಕಾಂಟಿಯೇರಿ ಜೊತೆ 2008ರಲ್ಲಿ ಸಹಿ ಹಾಕಿ 2011ರ ಜನವರಿಗೆ ಇಲ್ಲಿ ಕಮಿಷನ್ ಆಯ್ತು, ಅಂದ್ರೆ ಸೇವೆಗೆ ಸೇರ್ತು, ಅದೇ ವರ್ಷ ಶಕ್ತೀನೂ ಬಂತು.

ಲೆಕ್ಕದಪುಸ್ತಕ:
ಬಂತು ಸರಿ, ಅದರ ಸ್ಟೀಲ್ ನೇವಿ ಕೇಳಿದ ದರ್ಜೆದಲ್ಲ ಅಂತ ಸಿಎಜಿ ತಕರಾರು ತೆಗೆದಿದ್ದು ಮರೆತ್ರಾ? ಹೊರಗೆ ಕೊಟ್ಟ ಮಾತ್ರಕ್ಕೆ ಎಲ್ಲಾ ಸಲೀಸು ಅಂತಲ್ಲ.

ಕಡಲಕಾಗೆ:
ನಂಗೊಂದು ಅನುಮಾನ, ಇದು ದೊಡ್ಡ ಟ್ಯಾಂಕರ್ ತಾನೇ? ಇದಕ್ಯಾಕೆ ಇಷ್ಟೊಂದು ಗಲಾಟೆ?

ಇಂಜಿನ್‌ರೂಮ್:
ಅಲ್ಲ ಮೇಡಂ. ಮಾಮೂಲಿ ಟ್ಯಾಂಕರ್ ಬಂದರಲ್ಲಿ ನಿಂತು ಎಣ್ಣೆ ಇಳಿಸತ್ತೆ, ಇದು ಓಡ್ತಾ ಓಡ್ತಾನೇ ಕೊಡ್ಬೇಕು. ಎರಡು ಹಡಗು ಅಕ್ಕಪಕ್ಕ, ಮಧ್ಯ ಐವತ್ತು ಮೀಟರ್ ಆಸುಪಾಸು, ಸ್ಪೀಡು 12 ನಾಟ್ ಅಥವಾ ಇನ್ನೊಂಚೂರು ಜಾಸ್ತಿ, ನಡುವೆ ಬಿಗಿದ ಉಕ್ಕಿನ ಹಗ್ಗ, ಅದಕ್ಕೆ ನೇತುಹಾಕಿದ ಪೈಪು ಜಾರ್ಕೊಂಡು ಹೋಗಿ ಆಚೆ ಹಡಗಿನ ಬಾಯಿಗೆ ಕಚ್ಕೋಬೇಕು. ಅಲೆ ಎದ್ದು ಹಡಗು ದೂರ ಸರಿದ್ರೂ ಹತ್ರ ಬಂದ್ರೂ ಹಗ್ಗ ಸಡಿಲ ಆಗ್ಬಾರ್ದು, ಕಿತ್ಕೊಂಡೂ ಹೋಗ್ಬಾರ್ದು, ಅದಕ್ಕೆ ಟೆನ್ಶನರ್ ಇರತ್ತೆ. ಇದರ ಮೇಲೆ ಮಧ್ಯದಲ್ಲಿ ನೀರು ಜೋರಾಗಿ ಹರಿಯೋದ್ರಿಂದ ಎರಡೂ ಹಡಗು ಒಂದನ್ನೊಂದು ಎಳೀತವೆ, ಚುಕ್ಕಾಣಿ ಹಿಡ್ಕೊಂಡವನು ಕಣ್ಣು ಮಿಟುಕಿಸೋ ಹಾಗಿಲ್ಲ. ಏನಾದ್ರೂ ಎಡವಟ್ಟಾದ್ರೆ ತಕ್ಷಣ ಎಲ್ಲಾ ಬಿಚ್ಚಿ ದೂರ ಸರೀಬೇಕು.

ಹಾಯಿಪಟ:
ನೀವು ಹೇಳಿದ್ದು ನನ್ನ ವಾದಕ್ಕೇ ಬಂತು ನೋಡಿ. ಕಷ್ಟದ ಭಾಗ ಇರೋದು ಆ ಹಗ್ಗ, ಪೈಪಿನ ರಿಗ್ಗಲ್ಲಿ, ಅದನ್ನ ತಜ್ಞ ಕಂಪ್ನಿಗಳ ಹತ್ರ ತಗೊಂಡು ಕೂರಿಸೋದೇ. ಕೆಳಗಿರೋ ಹಲ್, ಅಂದ್ರೆ ಹಡಗಿನ ಒಡಲನ್ನ, ವ್ಯಾಪಾರಿ ಹಡಗು ಕಟ್ಟೋ ಯಾರ್ಡು ಆರಾಮಾಗಿ ಕಟ್ಟತ್ತೆ.

ಲೆಕ್ಕದಪುಸ್ತಕ:
ಹೌದು, ಕೆನಡಾದಲ್ಲಿ ಅದೇ ಆಗಿದ್ದು. 2014ರಲ್ಲಿ ಅವರ ಸಪ್ಲೈ ಹಡಗು ಪ್ರೊಟೆಕ್ಟರ್‌ಗೆ ಬೆಂಕಿ ಬಿತ್ತು, ಇನ್ನೊಂದು ಪ್ರಿಸರ್ವರ್ ತುಕ್ಕು ಹಿಡಿದಿತ್ತು, ಎರಡೂ ಹೋಗಿ ಚಿಲಿ, ಸ್ಪೇನ್ ಹಡಗು ಎರವಲು ತಗೊಂಡು ಕಾಲ ತಳ್ಳಿದ್ರು. ಆಮೇಲೆ ಡೇವಿ ಯಾರ್ಡ್‌ನವ್ರು ಒಂದು ಕಂಟೇನರ್ ಹಡಗನ್ನೇ ಬದಲಾಯಿಸಿ ಆಸ್ಟರಿಕ್ಸ್ ಮಾಡಿ ಲೀಸಿಗೆ ಕೊಟ್ರು, 2018ರಿಂದ ಕೆಲಸ ಮಾಡ್ತಿದೆ. ವ್ಯಾಂಕೂವರಲ್ಲಿ ಕಟ್ತಿದ್ದ ಹೊಸ ಪ್ರೊಟೆಕ್ಟರ್ ನೀರಿಗಿಳಿದಿದ್ದೇ 2024ರ ಡಿಸೆಂಬರಲ್ಲಿ. ಆದ್ರೂ ನಾನು ಇಲ್ಲೇ ಕಟ್ಟೋ ಪರ. ಯುದ್ಧದ ಮಧ್ಯೆ ಹಡಗು ಕೆಟ್ರೆ ರಿಪೇರಿಗೆ ಕೊರಿಯಾಗೆ ಕಳಿಸ್ತೀರಾ?

ಕೂಲಿಕಬ್ಬಿಣ:
ಶಿಪ್‌ಯಾರ್ಡ್ ಲೈನಲ್ಲಿರೋನು ನಾನು, ಒಂದು ಮಾತು. ಹಿಂದೂಸ್ಥಾನ್ ಶಿಪ್‌ಯಾರ್ಡ್ ಅಂದ್ರೆ ಜನಕ್ಕೆ ಸಿಂಧುಕೀರ್ತಿ ಸಬ್‌ಮರೀನ್ ನೆನಪಾಗತ್ತೆ, 2006ರಲ್ಲಿ ರಿಫಿಟ್‌ಗೆ, ಅಂದ್ರೆ ದೊಡ್ಡ ರಿಪೇರಿಗೆ, ಹೋಗಿದ್ದು 2015ಕ್ಕೆ ಹೊರಗೆ ಬಂತು, ಬೈಯ್ಲಿ ಬಿಡಿ. ಆದ್ರೆ ಅದೇ ಯಾರ್ಡು ಕಟ್ಟಿದ ನಿಸ್ತಾರ್, ಸುಮಾರು 10,000 ಟನ್ನಿನ ಡೈವಿಂಗ್ ಸಪೋರ್ಟ್ ಹಡಗು, 2025ರ ಜುಲೈಲಿ ಕಮಿಷನ್ ಆಯ್ತು. ಈ ಐದರಲ್ಲಿ ಎರಡನ್ನ ಎಲ್‌ಆಂಡ್‌ಟಿಯ ಕಾಟ್ಟುಪಳ್ಳಿ ಯಾರ್ಡಿಗೆ ಕೊಟ್ಟಿದ್ದೂ ಒಳ್ಳೇದೇ ಆಯ್ತು. ಮೊದಲನೇ ಹಡಗಲ್ಲಿ ವೆಲ್ಡಿಂಗ್ ತಪ್ಪಿದ್ರೆ ಕಿತ್ತು ಮತ್ತೆ ಹಾಕ್ತಾರೆ, ಮೂರನೇ ಹಡಗಿನ ಹೊತ್ತಿಗೆ ಕೈ ಕೂತಿರತ್ತೆ, ರಿವರ್ಕ್ ಇಳಿಯತ್ತೆ. ಐದನೇದು ಆದ್ಮೇಲೆ ಆರ್ಡರೇ ಇಲ್ಲ ಅಂದ್ರೆ ಆ ಕೈಗಳೆಲ್ಲ ಗಲ್ಫ್‌ಗೆ ಹೋಗ್ತವೆ, ಆಮೇಲೆ ಮೊದಲಿಂದ ಕಲಿಸ್ಬೇಕು.

ಹಾಯಿಪಟ:
ಇದು ಒಪ್ಪೋ ಮಾತು. ಹಾಗಿದ್ರೆ ಮುಂದಿನ ಆರ್ಡರ್ ಎಲ್ಲಿದೆ ತೋರ್ಸಿ? ಎಲ್‌ಪಿಡಿ ಟೆಂಡರ್, ಅಂದ್ರೆ ಸೈನಿಕರನ್ನ, ವಾಹನಗಳನ್ನ ದಡಕ್ಕೆ ಇಳಿಸೋ ದೊಡ್ಡ ಹಡಗಿಂದು, 2013ರಲ್ಲಿ ಕರೆದ್ರು, ವರ್ಷಗಟ್ಟಲೆ ಎಳೆದು 2020ರಲ್ಲಿ ರದ್ದು ಮಾಡಿದ್ರು.

ಕೂಲಿಕಬ್ಬಿಣ:
ಅದನ್ನ ಯಾರ್ಡ್‌ನವ್ರನ್ನ ಕೇಳಿದ್ರೆ ಏನು ಹೇಳ್ತಾರೆ ಸಾರ್, ದೆಹಲೀಲಿ ಕೇಳಿ.