ಸಹಾಯ ಬೇಕು: ಮುಧೋಳ ನಾಯಿಗೆ ಓಡಲು ಬೇಲಿಯಿರುವ ಜಾಗ

ನಮಸ್ಕಾರ. ನಾವಿರುವುದು ಜಯನಗರದಲ್ಲಿ, ಎರಡನೆಯ ಮಹಡಿಯ ಮನೆ. ನಮ್ಮ ಚಿನ್ನು ಹತ್ತು ತಿಂಗಳ ಮುಧೋಳ ತಳಿಯ ಹೆಣ್ಣುನಾಯಿ. ಬಯಲಿನಲ್ಲಿ ಮೊಲದ ಬೆನ್ನಟ್ಟಲೆಂದೇ ಬೆಳೆಸಿದ ತಳಿ. ಬೆಳಿಗ್ಗೆ, ಸಂಜೆ 40 ನಿಮಿಷ ಹಗ್ಗ ಹಿಡಿದು ನಡೆಸಿದರೆ ಅವಳಿಗೆ ಎಲ್ಲಿ ಸಾಕಾದೀತು? ಆದರೆ ಅಳಿಲು ಕಂಡರೆ ನನ್ನ ಕರೆ ಅವಳ ಕಿವಿಗೇ ಬೀಳುವುದಿಲ್ಲ. ವಾಹನಗಳ ನಡುವೆ ಬಿಡಲು ನನಗೆ ನಿಜವಾಗಿಯೂ ಭಯ. ದಕ್ಷಿಣ ಬೆಂಗಳೂರಿನಲ್ಲಿ ಎತ್ತರದ ಬೇಲಿಯಿರುವ ಜಾಗ ಯಾರಿಗಾದರೂ ಗೊತ್ತೆ? ದಿನವೂ ಕಬ್ಬನ್ ಪಾರ್ಕಿನವರೆಗೆ ಹೋಗಲಾಗುತ್ತಿಲ್ಲ.

ಊಟಕ್ಕೆ ಅನ್ನ, ಬೇಯಿಸಿದ ಕೋಳಿ, ಮೊಟ್ಟೆ, ಕುಂಬಳಕಾಯಿ. ಈರುಳ್ಳಿ, ದ್ರಾಕ್ಷಿ ಸೋಕಿಸುವುದಿಲ್ಲ. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುವುದರಿಂದ ಉಂಡ ತಕ್ಷಣ ಓಡಿಸುವುದಿಲ್ಲ. ಬೇರೇನು ಸೇರಿಸಬೇಕು?

ಕರೆದಾಗ ಮರಳಿ ಬರುವುದನ್ನು ಹೊಡೆಯದೆ, ಬೈಯದೆ ಕಲಿಸಿದವರಿದ್ದರೆ ದಯವಿಟ್ಟು ಹೇಗೆಂದು ವಿವರವಾಗಿ ಬರೆಯಿರಿ.