ಪ್ರೌಢಶಾಲೆಯ ‘3ಡಿ’ ಕೊಠಡಿಗೆ ಫಲಕ: ಸಪೋರ್ಟ್, ಫಿಲಮೆಂಟ್, ಇನ್‌ಫಿಲ್‌ಗೆ ಪದ ಬೇಕು (ತುರ್ತು)

ಶಿರಸಿಯಿಂದ:
ಕೊಠಡಿಯ ಹೆಸರಿನ ಫಲಕ, 3ಡಿ ಪ್ರಿಂಟರಿನ (ಪ್ಲಾಸ್ಟಿಕ್ ಕರಗಿಸಿ ಒಂದರ ಮೇಲೊಂದು ಹರವಿ ವಸ್ತು ಕಟ್ಟುವ ಯಂತ್ರ) ಪಕ್ಕದ ಸೂಚನಾಪಟ್ಟಿ ಎರಡನ್ನೂ ನಾಳೆ ಪೇಂಟರಿಗೆ ಕೊಡಬೇಕು. ಫಲಕಕ್ಕೆ ‘ಮೂರು ಆಯಾಮದ ವಿನ್ಯಾಸ ಮತ್ತು ತಂತ್ರಜ್ಞಾನ’ ಆಗಬಹುದೇ? ಪಟ್ಟಿಯಲ್ಲಿ ಫಿಲಮೆಂಟ್ (ಯಂತ್ರಕ್ಕೆ ಹಾಕುವ ಪ್ಲಾಸ್ಟಿಕ್ ಎಳೆ), ಲೇಯರ್, ಸಪೋರ್ಟ್ (ವಾಲಿದ ಭಾಗಕ್ಕೆ ಕೊಡುವ ಆಸರೆ), ಇನ್‌ಫಿಲ್ (ವಸ್ತುವಿನ ಒಳಗೆ ತುಂಬುವ ಜಾಲ) ಬರುತ್ತವೆ. ಓದುವವರು ಎಂಟರಿಂದ ಹತ್ತನೇ ತರಗತಿಯವರು. ಓದಿದ ಕೂಡಲೇ ಕೈಗೆ ಕೆಲಸ ತಿಳಿಯಬೇಕು.

ಕುಮಟಾದಿಂದ:
‘ಆಯಾಮ’ ಬೇಡ. ಸಂಸ್ಕೃತದಲ್ಲಿ ಅದು ಚಾಚುವಿಕೆ, ಉದ್ದ, ಪ್ರಾಣಾಯಾಮದಲ್ಲಿರುವುದೂ ಅದೇ. ‘ಮೂರು ಉದ್ದ’ ಎಂದು ಬರೆಸುತ್ತೀರಾ? ಮನೆ ಕಟ್ಟುವಾಗ ಆಯ ನೋಡುತ್ತಾರೆ, ‘ಆಯ ತಪ್ಪಿ ಬಿದ್ದ’ ಅನ್ನುತ್ತೇವೆ. ‘ಮೂರಾಯದ ಚಳಕ’ ಎಂದು ಬರೆಸಿ.

ಕಾರವಾರದಿಂದ:
ಮಾರಾಯ್ರೇ, ‘ಮೂರಾಯ’ ಕಂಡವರು ಆದಾಯದ ಲೆಕ್ಕ ಅಂದುಕೊಂಡಾರು. ಆಯಾಮ ಗಣಿತದಲ್ಲಿ ನೆಲೆನಿಂತ ಪದ, ಬಿಡಿ.

ಲೇಯರ್‌ಗೆ ‘ಪದರ’: ‘0.4 ಮಿ.ಮೀ. ಮೂತಿಗೆ ಪದರದ ದಪ್ಪ 0.2 ಮಿ.ಮೀ.’ (ಮೂತಿ ಎಂದರೆ ಕರಗಿದ ಎಳೆ ಹೊರಬರುವ ನಾಝಲ್.) ಸಪೋರ್ಟ್‌ಗೆ ‘ಸೆಂಟ್ರಿಂಗ್’ ಎಂದೇ ಬರೆಯಿರಿ. ಸ್ಲ್ಯಾಬಿನ ಕೆಳಗೆ ಕೊಟ್ಟು, ಗಟ್ಟಿಯಾದ ಮೇಲೆ ಬಿಚ್ಚುವ ಸೆಂಟ್ರಿಂಗ್ ಕಾಣದ ಮಕ್ಕಳಿಲ್ಲ. ಲಂಬದಿಂದ 45 ಡಿಗ್ರಿಗಿಂತ ಹೆಚ್ಚು ವಾಲಿದ ಭಾಗಕ್ಕೆ ಅದನ್ನು ಕೊಡದಿದ್ದರೆ ಕರಗಿದ ಎಳೆ ಜೋತುಬೀಳುತ್ತದೆ. ಕೊನೆಗೆ ಕಿತ್ತು ತೆಗೆಯಬೇಕು ಎಂಬುದೂ ಆ ಪದದಲ್ಲೇ ಬಂತು.

ಕುಮಟಾದಿಂದ:
ಇಂಗ್ಲಿಷ್ ಪದಕ್ಕೆ ಇನ್ನೊಂದು ಇಂಗ್ಲಿಷ್ ಪದ! ‘ಆನಿಕೆ’ ಇರುವಾಗ ಸಾಲ ಯಾಕೆ?

ಕಾರವಾರದಿಂದ:
ನಿಘಂಟಿನಲ್ಲಿದ್ದರೆ ಸಾಲದು, ಬಾಯಲ್ಲಿರಬೇಕು. ನಮ್ಮ ಜಿಲ್ಲೆಯ ಚಾವಿ, ಪಗಾರ ಎರಡೂ ಪೋರ್ಚುಗೀಸಿನವು. ಅವನ್ನೂ ಹೊರಗೆ ಹಾಕುವುದೇ?

ಹೊನ್ನಾವರದಿಂದ:
ಫಿಲಮೆಂಟ್‌ಗೆ ‘ತಂತಿ’ ಮಾತ್ರ ಬೇಡ, ಲೋಹ ಅನ್ನಿಸುತ್ತದೆ. ‘ತಂತು’ ಅನ್ನಿ. ಚಾಚು, ಹಿಗ್ಗಿಸು ಎಂಬರ್ಥದ ‘ತನ್’ ಧಾತುವಿನದು. ‘ತಂತ್ರ’ವೂ ಅದೇ ಧಾತುವಿನದು, ಅದರ ಹಳೆಯ ಅರ್ಥ ಮಗ್ಗ, ಹಾಸು. ಫಲಕದ ‘ತಂತ್ರಜ್ಞಾನ’ಕ್ಕೂ ಯಂತ್ರದ ತಂತುವಿಗೂ ಬೇರು ಒಂದೇ, ಹಾಗಾಗಿ ಎರಡನ್ನೂ ಉಳಿಸಿಕೊಳ್ಳಿ.

ಪಟ್ಟಿಯಲ್ಲಿ ಇದೂ ಇರಲಿ: ಮಳೆಗಾಲದಲ್ಲಿ ಪಿಎಲ್‌ಎ (ಒಂದು ಬಗೆಯ ಪ್ಲಾಸ್ಟಿಕ್) ತಂತುವನ್ನು ತೆರೆದಿಟ್ಟರೆ ತೇವ ಹೀರುತ್ತದೆ. ಸುಮಾರು 200 ಡಿಗ್ರಿ ಕಾದ ಮೂತಿಯಲ್ಲಿ ಆ ನೀರು ಆವಿಯಾಗಿ ಚಟಪಟ ಸದ್ದು, ಮೈಮೇಲೆ ಗುಳ್ಳೆ, ಭಾಗ ಭಾಗಗಳ ನಡುವೆ ಸಣ್ಣ ನೂಲು. 45 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ. ಶಾಖ 60ರ ಹತ್ತಿರ ಹೋದರೆ ಸುರುಳಿಯೇ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ.

ಶಿರಸಿಯಿಂದ:
ಪದರ, ಸೆಂಟ್ರಿಂಗ್, ತಂತು ಬರೆಸುತ್ತೇನೆ. ಫಲಕ ಮೊದಲಿನಂತೆಯೇ. ಇನ್‌ಫಿಲ್‌ಗೆ ‘ಭರ್ತಿ’ ಆದೀತೇ?

ಕಾರವಾರದಿಂದ:
ಬೇಡ. ಭರ್ತಿ ಎಂದರೆ ಪೂರ್ತಿ ತುಂಬಿಸುತ್ತಾರೆ. ತಂತುವೂ ಹೊತ್ತೂ ದಂಡ. ಸಾಮಾನ್ಯ ಮಾದರಿಗೆ ಶೇ. 15ರಿಂದ 20 ಸಾಕು. ‘ಒಳಬಲೆ ಶೇ. 20’ ಎಂದು ಬರೆಸಿ.

ಕುಮಟಾದಿಂದ:
‘ಒಳಬಲೆ’ಗೆ ನನ್ನ ಒಪ್ಪಿಗೆ ಇದೆ. ‘ಸೆಂಟ್ರಿಂಗ್’ಗೆ ಇಲ್ಲ.